ಮೂರನೆಯ ಎಡೆ

ಸಾಂಬ್ರಾಣಿ ಹೊಗೆ ಒಂದೇ ಬಂದರೆ ನನಗೇನೂ ಆಗುವುದಿಲ್ಲ. ಮಟನ್ ಸಾರಿನ ವಾಸನೆ ಒಂದೇ ಬಂದರೆ ಹಸಿವಾಗುತ್ತದೆ, ಅಷ್ಟೇ. ಎರಡೂ ಕೂಡಿ ಬಂದಾಗ ಮಾತ್ರ ಕಾಲು ಹೊಸಿಲಿನ ಆಚೆಗೇ ನಿಂತುಬಿಡುತ್ತದೆ. ಈ ಸಲ ಮಹಾಲಯ ಅಮಾವಾಸ್ಯೆಯ ದಿನ ಶ್ರೀರಂಗಪಟ್ಟಣದಲ್ಲಿ ಸಹೋದ್ಯೋಗಿಯೊಬ್ಬಳ ಮನೆಗೆ ಪಕ್ಷದ ಊಟಕ್ಕೆ ಹೋಗಿದ್ದೆ. "ಬನ್ನಿ ಮೇಡಂ, ಎಡೆಗೆ ಕೈ ಮುಗುದ್ಬುಟ್ಟು ಊಟಕ್ ಕುಂತ್ಕಳಿ" ಅಂತ ಅವಳು ಬಾಗಿಲಲ್ಲೇ ಕರೆದಳು. ನಾನು ಶೂ ಬಿಚ್ಚುವ ನೆಪದಲ್ಲಿ ಜಗಲಿಯ ಮೇಲೆ ಕೂತವಳು ಬಹಳ ಹೊತ್ತು ಬಿಚ್ಚುತ್ತಲೇ ಇದ್ದೆ. ಇಷ್ಟು ವರ್ಷ ಖಾಕಿ ತೊಟ್ಟವಳು, ಹೆಣ ನೋಡಿ ಬಂದು ಕೈ ತೊಳೆದು ಮುದ್ದೆ ಮುರಿದವಳು, ಒಂದು ಬಾಳೆಲೆಗೆ ಹೆದರುತ್ತೇನೆ ಅಂದರೆ ಅವಳು ನಗುತ್ತಿದ್ದಳು. ಹೇಳಲು ಹೋಗಲಿಲ್ಲ.

ಆ ಹೆದರಿಕೆ ಹುಟ್ಟಿದ್ದು ಪಾಂಡವಪುರದ ಕಡೆಯ ಒಂದು ಠಾಣೆಯಲ್ಲಿ ನಾನು ಪೇದೆಯಾಗಿದ್ದ ವರ್ಷ. ಆಗಿನ್ನೂ ಎಲ್ಲರ ಕೈಯಲ್ಲೂ ಗುಂಡಿ ಒತ್ತುವ ಫೋನುಗಳೇ ಇದ್ದವು. ಭಾದ್ರಪದ ಮಾಸ. ನಾಟಿ ಮುಗಿದು ಗದ್ದೆಗಳು ಕಣ್ಣು ಕೋರೈಸುವಷ್ಟು ಹಸಿರಾಗಿದ್ದವು, ನಾಲೆ ದಡ ಮುಟ್ಟಿ ಹರಿಯುತ್ತಿತ್ತು. ನಾನು ನಾಗಮಂಗಲದ ಕಡೆಯವಳು. ತೆಂಗಿನ ಬುಡಕ್ಕೆ ಒಂದು ಬಿಂದಿಗೆ ನೀರು ಹಾಕಬೇಕಾದರೂ ಹತ್ತು ಸಲ ಯೋಚನೆ ಮಾಡುವ ಸೀಮೆ ನಮ್ಮದು. ಇಲ್ಲಿ ನೀರು ಗದ್ದೆ ತುಂಬಿ, ಸಾಲದ್ದಕ್ಕೆ ರಸ್ತೆಗೂ ಬಂದು ಬಿದ್ದಿರುವುದು ನೋಡಿದರೆ ನನಗೆ ಸಂತೋಷಕ್ಕಿಂತ ಸಿಟ್ಟೇ ಬರುತ್ತಿತ್ತು. ದಿನಕ್ಕೊಂದು ಸಲ ಮಳೆ ಬಂದು ಹೋಗುತ್ತಿತ್ತು, ಒಗೆದ ಯೂನಿಫಾರಂ ಒಣಗುತ್ತಿರಲಿಲ್ಲ.

ಗೌರಿ ಹಬ್ಬದ ಮಾರನೆಯ ದಿನ ಕೆ.ಆರ್.ಪೇಟೆ ಕಡೆಯ ಒಬ್ಬ ಹೆಂಗಸು ಠಾಣೆಗೆ ಬಂದಳು. ಹೆಸರು ಚಿಕ್ಕತಾಯಮ್ಮ. ಕಂಕುಳಲ್ಲಿ ಬಾಗಿನದ ಮೊರ, ಅದರ ಮೇಲೆ ಮುಚ್ಚಿದ ಇನ್ನೊಂದು ಮೊರ. ಮಗಳು ಪ್ರೇಮಾಳಿಗೆ ಕೊಡಲೆಂದು ತಂದದ್ದು. ಮಗಳನ್ನು ನಮ್ಮ ಠಾಣೆಯ ವ್ಯಾಪ್ತಿಯ ಹಳ್ಳಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು.

"ಬಾಗ್ನ ತಕ್ಕಂಡ್ ಓದ್ರೆ ಮಗ್ಳಿಲ್ಲ ಕಣವ್ವ. ಎಲ್ಲಪ್ಪಾ ಅಂದ್ರೆ, ನಿನ್ ಮಗ್ಳು ಯಾವನ್ ಜೊತೆಗೋ ಓಡೋದ್ಳು ಅಂತಾನೆ ಅಳಿಯ. ಶ್ರಾವಣದಲ್ಲೇ ಓಗವ್ಳಂತೆ. ನಂಗೊಂದ್ ಮಾತ್ ಏಳ್ಬ್ಯಾಡ್ವಾ?"

ಅಳಿಯ ರವಿಯನ್ನು ಕರೆಸಿದರು. ಕಬ್ಬು ಹೊಡೆಯುವ ಟ್ರಾಕ್ಟರು ಇಟ್ಟುಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಹೆಂಡತಿಯ ಫೋನಿನಿಂದ ಬಂದ ಮೆಸೇಜು ತೋರಿಸಿದ: 'ನನ್ನ ಹುಡುಕಬೇಡಿ, ನಾನು ಚೆನ್ನಾಗಿದ್ದೀನಿ.' ಅದು ಬಂದಮೇಲೆ ಫೋನು ಬಂದ್ ಆಗಿತ್ತು. ಮರ್ಯಾದೆಗೆ ಅಂಜಿ ಯಾರಿಗೂ ಹೇಳಲಿಲ್ಲ ಅಂದ. ಕಣ್ಣಲ್ಲಿ ನೀರೂ ಬಂತು. ಠಾಣೆಯಲ್ಲಿ ಅರ್ಧ ಜನ ಅವನ ಪರವಾಗಿಬಿಟ್ಟರು.

ಚಿಕ್ಕತಾಯಮ್ಮ ಮಾತ್ರ ಒಂದೇ ಹಿಡಿದಳು. "ನನ್ ಮಗ್ಳು ಮೆಸೇಜ್ ಕಳ್ಸಾಕಿಲ್ಲ. ನಂಗ್ ಓದಾಕ್ ಬರಾಕಿಲ್ಲ ಅಂತ ಯಾವತ್ತೂ ಪೋನೇ ಮಾಡಾಳು."

"ಮೆಸೇಜ್ ಬಂದಿರೋದು ಗಂಡನಿಗೆ ಕಣಮ್ಮ, ನಿನಗಲ್ಲ" ಅಂದರು ಯಾರೋ. ಕಾಣೆಯಾದವರ ಕೇಸು ದಾಖಲಾಯಿತು. ಹುಡುಕುವ ಕೆಲಸ ಹೆಡ್ ಕಾನ್‌ಸ್ಟೇಬಲ್ ನಯಾಜ್ ಸಾಹೇಬರಿಗೂ ನನಗೂ ಬಿತ್ತು.

ನಯಾಜ್ ಸಾಹೇಬರು ಶ್ರೀರಂಗಪಟ್ಟಣದವರು, ನಿವೃತ್ತಿಗೆ ಹತ್ತಿರವಿದ್ದವರು, ಯಾರನ್ನೂ ಬೈಯದೆ ಎಲ್ಲರಿಂದಲೂ ಕೆಲಸ ತೆಗೆಯುವವರು. ಮೊದಲ ದಿನ ರವಿಯ ಮನೆ ನೋಡಿಕೊಂಡು ಹೊರಗೆ ಬರುವಾಗ ಬೈಕು ಸ್ಟಾರ್ಟ್ ಮಾಡದೆ ನಿಂತರು.

"ಭಾಗ್ಯಮ್ಮ, ಓಡೋಗೋ ಹೆಣ್ಮಗಳು ಚಪ್ಲಿ ಬುಟ್ಟೋಗ್ತಾಳಾ ಬೇಟಾ? ಬಾಗ್ಲತ್ರ ಅವಳ ಚಪ್ಲಿ ಅಂಗೇ ಅದೆ."

"ಹೊಸದು ತಗೊಂಡಿದ್ಲಂತೆ ಸರ್."

"ಹ್ಞೂಂ. ನಾನ್ ಕೇಳೋಕ್ ಮುಂಚೇನೇ ಹೇಳ್ಬುಟ್ಟ ಅವ್ನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕಂಡಂಗೆ."

ಅಷ್ಟಕ್ಕೆ ಯಾರನ್ನೂ ಹಿಡಿಯಲಾಗುವುದಿಲ್ಲ. ಫೋನು ಕೊನೆಯ ಸಲ ಕೆ.ಆರ್.ಎಸ್. ಕಡೆಯ ಟವರಿನಲ್ಲಿತ್ತು ಅಂತ ಗೊತ್ತಾಯಿತು. ನಾವಿಬ್ಬರೂ ಮಳೆಯಲ್ಲಿ ನೆನೆದುಕೊಂಡು ಅಲ್ಲಿಯ ಬಸ್ ನಿಲ್ದಾಣ, ಹೋಟೆಲು ಒಂದನ್ನೂ ಬಿಡದೆ ಪ್ರೇಮಾಳ ಮದುವೆ ಫೋಟೋ ತೋರಿಸುತ್ತ ತಿರುಗಿದೆವು. ಮದುವೆ ಫೋಟೋದಲ್ಲಿ ಎಲ್ಲ ಹೆಣ್ಣುಮಕ್ಕಳೂ ಒಂದೇ ಥರ ಇರುತ್ತಾರೆ. ಒಬ್ಬ ನೋಡಿದ್ದೇನೆ ಅಂದ, ಪಕ್ಕದವನು ಇಲ್ಲ ಅಂದ. ಯಾವನೋ ಒಬ್ಬ ಅವಳು ಬೆಂಗಳೂರು ಬಸ್ಸು ಹತ್ತಿದ್ದನ್ನು ನಾಗಮಂಗಲದಲ್ಲಿ ಕಣ್ಣಾರೆ ಕಂಡೆ ಅಂದ. ಅಲ್ಲಿಗೂ ಹೋದೆವು. ಅವನಿಗೆ ಅವಳ ಎತ್ತರವೂ ಗೊತ್ತಿರಲಿಲ್ಲ.

ಚಿಕ್ಕತಾಯಮ್ಮ ವಾರ ವಾರ ಬಂದು ಠಾಣೆಯ ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ಯಾರನ್ನೂ ಪೀಡಿಸುತ್ತಿರಲಿಲ್ಲ. ನಾನು ಹೊರಗೆ ಬಂದರೆ ಮಗಳ ಸುದ್ದಿ ಹೇಳುತ್ತಿದ್ದಳು. ಪ್ರೇಮಾಗೆ ಹೊಲಿಗೆ ಅಂದರೆ ಪ್ರಾಣ. ಪಾಂಡವಪುರದಲ್ಲಿ ಹೊಲಿಗೆ ಕ್ಲಾಸಿಗೆ ಸೇರಬೇಕು ಅನ್ನುತ್ತಿದ್ದಳು. ತವರಿಗೆ ಬಂದಾಗಲೆಲ್ಲ ಬಸ್ಸಿಳಿದ ತಕ್ಷಣ ಬೇಕರಿಗೆ ನುಗ್ಗಿ ದಿಲ್‌ಪಸಂದ್ ತಿನ್ನುವಳು. "ಕೈಗೆ ಅಂಟ್ಕಂಡಿರೋ ಸಕ್ರೇನೂ ಬುಡಾಕಿಲ್ಲ, ನೆಕ್ತಾಳೆ" ಅಂತ ಚಿಕ್ಕತಾಯಮ್ಮ ನಗುತ್ತಿದ್ದಳು. ಆಡುವ ಮಾತೆಲ್ಲ 'ತಿಂತಾಳೆ', 'ನೆಕ್ತಾಳೆ', 'ಬತ್ತಾಳೆ'. ಎಲ್ಲೋ ಯಾವನ ಜೊತೆಯಲ್ಲಾದರೂ ಇರಲಿ, ಇದ್ದರೆ ಸಾಕು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ದಿನ ಶ್ರೀರಂಗಪಟ್ಟಣದ ಕಡೆ ನಾಲೆಯ ತೂಬಿನಲ್ಲಿ ಒಂದು ಹೆಣ್ಣಿನ ಹೆಣ ಸಿಕ್ಕಿತು. ಚಿಕ್ಕತಾಯಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬಟ್ಟೆ ಸರಿಸಿದರು. ಆಕೆ ಬಗ್ಗಿ ಮುಖ ನೋಡಿದಳು, ಪಾದ ನೋಡಿದಳು.

"ನಮ್ದಲ್ಲ! ನಮ್ದಲ್ಲ ಕಣವ್ವಾ!" ಅಂತ ಜೋರಾಗಿ ಕೂಗಿ ನಕ್ಕುಬಿಟ್ಟಳು. ಸುತ್ತ ನಿಂತವರು ದಂಗಾದರು. ಆಮೇಲೆ ಅಲ್ಲೇ ಒದ್ದೆ ನೆಲದಲ್ಲಿ ಕುಸಿದು ಕೂತು, "ಅಯ್ಯೋ, ಯಾರೆತ್ತ ಮಗ್ಳೋ, ಅವ್ರವ್ವ ಎಲ್ ಕಾಯ್ಕಂಡ್ ಕುಂತವ್ಳೋ" ಅಂತ ಆ ಗುರುತಿಲ್ಲದ ಹೆಣ್ಣಿಗಾಗಿ ಎದೆ ಬಡಿದುಕೊಂಡು ಅತ್ತಳು.

ಇತ್ತ ರವಿಯ ಮನೆಗೂ ನಾನು ಹೋಗಿ ಬರುತ್ತಲೇ ಇದ್ದೆ. ಗಂಡಸರು ವಿಚಾರಣೆಗೆ ಹೋದರೆ ಹೆಂಗಸರು ಬಾಗಿಲ ಹಿಂದೆ ಸರಿಯುತ್ತಾರೆ, ನಾನಾದರೆ ಅಡುಗೆಮನೆಯವರೆಗೂ ಹೋಗಬಹುದಿತ್ತು. ಅಲ್ಲಿದ್ದವಳು ರವಿಯ ತಾಯಿ ಬೋರಮ್ಮ. ನಿಜ ಹೇಳುತ್ತೇನೆ, ಆ ಹೆಂಗಸು ನನಗೆ ತುಂಬ ಹಿಡಿಸಿದ್ದಳು. ಹೋದ ತಕ್ಷಣ ಮಜ್ಜಿಗೆ. ಉಣ್ಣದೆ ಎದ್ದರೆ ಕೋಪ. ಗಂಡ ಸತ್ತು ಬಹಳ ಕಾಲವಾಗಿತ್ತು, ರವಿ ಒಬ್ಬನೇ ಮಗ. ಅವಳ ಅತ್ತೆಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಈ ಮನೆ ಕಟ್ಟಿದವಳಂತೆ. "ಈ ಮನೇಲಿ ಯಾವ್ ಎಂಗ್ಸೂ ಮುತ್ತೈದೆಯಾಗಿ ಓಗ್ನಿಲ್ಲ ಕಣವ್ವ, ಅದೊಂದ್ ಸಾಪ" ಅಂತ ಒಂದು ಸಲ ನಿಟ್ಟುಸಿರು ಬಿಟ್ಟಿದ್ದಳು.

ಸೊಸೆಯ ಬಗ್ಗೆ ಒಂದೂ ಕೆಟ್ಟ ಮಾತಿಲ್ಲ. "ನನ್ ಕೈ ಕಾಲೇ ಅವ್ಳಾಗಿದ್ಲು. ಬತ್ತಾಳೆ ಬುಡವ್ವ, ಎಲ್ಲೋದಾಳು." ಹಾಗಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊಟ್ಟಿಗೆಯ ಬಾಗಿಲಲ್ಲೇ ಸಗಣಿ ಗುಡ್ಡೆ ಬಿದ್ದು ನಾರುತ್ತಿತ್ತು, ತಿಪ್ಪೆ ಅಲ್ಲೇ ನಾಲ್ಕು ಹೆಜ್ಜೆ ಆಚೆಗಿತ್ತು. ಯಾಕಮ್ಮ ಅಂದರೆ, "ಸೊಂಟ ಇಡ್ಕಂಡದೆ, ಅಲ್ಲೀಗಂಟ ಒತ್ಕಂಡ್ ಓಗಾಕಾಗಾಕಿಲ್ಲ" ಅಂದಳು. ಸೊಸೆಯಿಲ್ಲದ ಮನೆ, ಪಾಪ ಅಂದುಕೊಂಡೆ.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಸೀಮೆಯಲ್ಲಿ ಪಕ್ಷ ಅಂದರೆ ಸತ್ತ ಹಿರಿಯರು ಮನೆಗೆ ಬಂದು ಉಂಡು ಹೋಗುವ ಹಬ್ಬ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ ಹಾಕಿ, ಹೊಸ ಬಟ್ಟೆ ಇಟ್ಟು, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸುತ್ತೇವೆ. ಆಮೇಲೆ ಅವರು ನಿರಾಳವಾಗಿ ಉಣ್ಣಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಊರವರನ್ನು, ನೆಂಟರನ್ನು ಊಟಕ್ಕೆ ಕರೆಯದಿದ್ದರೆ ಆ ಮನೆಗೆ ಅವಮಾನ. ರವಿ ಒಂದು ಹೆಜ್ಜೆ ಮುಂದೆ ಹೋಗಿ ಠಾಣೆಗೇ ಬಂದು ಕರೆದ.

"ನಂ ಮನೆ ಕಷ್ಟಕ್ಕೆ ಓಡಾಡ್ತಾ ಇದೀರಿ, ಒಂದ್ ತುತ್ತು ಉಂಡೋಗಿ. ಕುರಿ ಕುಯ್ಯಾಕೆ ಸಾಬ್ರನ್ನೇ ಕರ್ಸಿವ್ನಿ, ನೀವೂ ಉಣ್ಬೋದು" ಅಂತ ನಯಾಜ್ ಸಾಹೇಬರಿಗೆ ಕೈ ಮುಗಿದ.

ಅವನು ಹೋದಮೇಲೆ ಸಾಹೇಬರು ನನ್ನ ಮುಖ ನೋಡಿದರು. "ಎಷ್ಟ್ ಚೆನ್ನಾಗ್ ಯೋಚ್ನೆ ಮಾಡವ್ನೆ ನೋಡು. ನಡಿ, ಹೋಗಿಬರಾಣ."

ಅಮಾವಾಸ್ಯೆಯ ಮಧ್ಯಾಹ್ನ. ಮಳೆ ಬಂದು ನಿಂತಿತ್ತು. ಅಂಗಳದಲ್ಲಿ ಶಾಮಿಯಾನ, ಜಗಲಿಯಲ್ಲಿ ಊರಿನ ಗಂಡಸರು. ಸಾಹೇಬರು ಅವರ ನಡುವೆ ಕೂತು ಭತ್ತದ ಬೆಲೆ ಮಾತಾಡತೊಡಗಿದರು. ನಾನು ಒಳಗೆ ಹೋದೆ. ಬೋರಮ್ಮ ಬೆಳಿಗ್ಗೆಯಿಂದ ಒಬ್ಬಳೇ ನಡುಮನೆಯಲ್ಲಿ ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ಹೊಸಿಲ ಪಕ್ಕದಲ್ಲೇ ಕಾವಲು ಕೂತಿದ್ದಳು.

ನನಗೆ ಆ ವರ್ಷ ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. ನಮ್ಮವ್ವ ಸತ್ತು ಮೂರನೆಯ ಪಕ್ಷ ಅದು. ಅಪ್ಪ ಇರುವಾಗಲೇ ಹೋದವಳು, ಮುತ್ತೈದೆ. ಅವಳ ಎಡೆಗೆ ಬಳೆ ಜೋಡಿಸುವ ಕೆಲಸ ಪ್ರತಿ ವರ್ಷ ನನ್ನದೇ. ಮನಸ್ಸು ತಡೆಯಲಿಲ್ಲ. "ಅಮ್ಮ, ಬಾಗಿಲು ತೆಗೆದಾಗ ನಾನೂ ಕೈ ಮುಗೀತೀನಿ. ನಮ್ಮವ್ವನ್ನ ಇಲ್ಲೇ ನೆನೆಸ್ಕೋತೀನಿ" ಅಂದೆ.

ಬೋರಮ್ಮನ ಮುಖ ಕಳೆಗುಂದಿತು. "ಮೊದ್ಲು ಉಣ್ಣವ್ವ, ಅಸ್ಕಂಡ್ ಬಂದಿದೀಯ. ಆಮೇಕೆ ಮುಗ್ಯೋವಂತೆ."

ಪಕ್ಕದ ಮನೆಯ ಮುದುಕಿ ಎಲೆಯಡಿಕೆ ಜಗಿಯುತ್ತ ಗದರಿದಳು. "ಏನಮ್ಮಿ ಬೋರಿ, ಎಡೆಗ್ ಕೈ ಮುಗೀತೀನಿ ಅಂದೋರ್ನ ಯಾರಾರೂ ತಡುದಾರಾ? ಅಟ್ಟಿಗ್ ಒಳ್ಳೇದಲ್ಲ."

ಬೋರಮ್ಮ ಹೊಸಿಲಿನಿಂದ ಒಂದಿಷ್ಟು ಸರಿದು ಕೂತಳು. ಯಾರನ್ನೂ ತಡೆಯುವ ಹಾಗಿಲ್ಲ, ಅದು ಅವಳಿಗೂ ಗೊತ್ತು. ಅಷ್ಟರಲ್ಲಿ ರವಿ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿಕೊಂಡು ಬಂದ. ಮಗನೇ ಮೊದಲು ಒಳಗೆ ಹೋಗಿ ಹೊಗೆ ಹಾಕಬೇಕು. ಅವನು ಬಾಗಿಲು ತಳ್ಳಿದ, ನಾನು ಹಿಂದೆಯೇ ಇದ್ದೆ.

ಎದುರಿಗೆ ಅವನ ಅಪ್ಪನ ಎಡೆ: ಪಂಚೆ, ಟವಲು, ಬೀಡಿ ಕಟ್ಟು, ಬ್ರಾಂದಿ. ಪಕ್ಕದಲ್ಲಿ ಅಜ್ಜಿಯದು: ಬಣ್ಣ ಮಾಸಿದಂಥ ಸಾದಾ ಸೀರೆ, ಎಲೆಯಡಿಕೆ. ಮೂಲೆಯಲ್ಲಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಮರೆಯಲ್ಲಿ ಅನ್ನುವ ಹಾಗೆ, ಮೂರನೆಯ ಎಲೆ. ಗಿಳಿಹಸಿರು ಸೀರೆ. ಅದರ ಮೇಲೆ ಗಾಜಿನ ಬಳೆ, ಅರಿಶಿನ ಕುಂಕುಮ, ಒಂದು ಮೊಳ ಮಲ್ಲಿಗೆ. ಎಲೆಯ ತುದಿಯಲ್ಲಿ ಬೇಕರಿಯ ಕಾಗದ ಬಿಡಿಸಿ ಇಟ್ಟಿದ್ದ ದಿಲ್‌ಪಸಂದ್.

ನನ್ನ ಕೈ ಮುಗಿದದ್ದು ಮುಗಿದ ಹಾಗೇ ಉಳಿಯಿತು. ಬಳೆ ಇಡುವುದು ಮುತ್ತೈದೆಯಾಗಿ ಸತ್ತವಳಿಗೆ. ಈ ಮನೆಯಲ್ಲಿ ಹಾಗೆ ಸತ್ತವಳು ಯಾರೂ ಇಲ್ಲ, ಬೋರಮ್ಮನೇ ಹೇಳಿದ್ದಳು. ಬದುಕಿರುವವರಿಗೆ ಯಾರೂ, ಎಂಥ ಹುಚ್ಚರೂ, ಎಡೆ ಇಡುವುದಿಲ್ಲ.

ರವಿಯೂ ಆಗಲೇ ನೋಡಿದ್ದು. ಅವನ ಕೈಯ ಧೂಪದ ಬಟ್ಟಲು ಜಾರಿ ಬಿದ್ದು ಕೆಂಡ ನೆಲಕ್ಕೆಲ್ಲ ಚೆಲ್ಲಿತು. ಒಂದು ಅವನ ಪಾದದ ಮೇಲೇ ಬಿತ್ತು. ಅವನಿಗೆ ತಿಳಿಯಲೇ ಇಲ್ಲ. ಹಿಂದೆ ನಾನಿರುವುದೂ ಮರೆತುಹೋಗಿತ್ತು.

"ಯಾಕವ್ವ? ಯಾಕವ್ವ ಇಂಗ್ ಮಾಡ್ಬುಟ್ಟೆ?"

ಬೋರಮ್ಮ ಹೊಸಿಲ ಬಳಿಯಿಂದ ಏಳಲಿಲ್ಲ. ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದಳು. "ಅಸ್ಕಂಡಿರ್ತಾಳೆ ಕಣ್ಲಾ."

ಇಷ್ಟು ದಿನ ನನಗೆ ಮಜ್ಜಿಗೆ ಕೊಟ್ಟ ಕೈ, 'ಬತ್ತಾಳೆ ಬುಡವ್ವ' ಅಂದ ಬಾಯಿ. ಎಲ್ಲ ಗೊತ್ತಿತ್ತು ಆಕೆಗೆ. ಗೊತ್ತಿದ್ದೂ ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದಳು. ಇನ್ನೂ ದಿಗಿಲಾದದ್ದು, ಆ ಕಣ್ಣೀರು ಸುಳ್ಳಾಗಿರಲಿಲ್ಲ ಅನ್ನುವುದು.

ನಾನು ಜಗಲಿಗೆ ಹೇಗೆ ಬಂದೆನೋ. ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. "ಸೀರೆ ಇಟ್ಟವ್ರೆ, ಅದಕ್ಕೇನು?"

"ಸತ್ತೋರಿಗೆ ಮಾತ್ರ ಇಡೋದು ಸರ್. ಪ್ರೇಮಾಗೆ ಇಟ್ಟಿದಾರೆ."

"ಯಾ ಅಲ್ಲಾ!" ಅಂದವರು ಆಗತಾನೇ ಹಾಕಿದ್ದ ಎಲೆಯ ಮುಂದಿನಿಂದ ಎದ್ದರು. ಒಳಗೆ ಹೋಗಿ ರವಿಯ ಹೆಗಲ ಮೇಲೆ ಕೈಯಿಟ್ಟರು. ದನಿ ಎತ್ತಲಿಲ್ಲ. "ಅಂಗಿ ಹಾಕ್ಕಳಪ್ಪ. ಹೋಗಾಣ." ರವಿ ಅಂಗಿ ಹಾಕಿಕೊಂಡ. ಗುಂಡಿಗಳು ಮೇಲೆ ಕೆಳಗಾಗಿದ್ದವು.

ರಾತ್ರಿ ಠಾಣೆಯಲ್ಲಿ ರವಿ ಎಲ್ಲ ಒಪ್ಪಿಕೊಂಡ. ಮಾರನೆಯ ದಿನ ತಹಶೀಲ್ದಾರರ ಎದುರಿಗೆ ತಿಪ್ಪೆ ಅಗೆದರು. ಅಲ್ಲಿದ್ದಳು. ಮದುವೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ಸಗಣಿ ಹೊತ್ತು ಹಾಕುತ್ತಿದ್ದ ಗುಂಡಿಯಲ್ಲೇ. ಬೋರಮ್ಮ ಅವಳನ್ನು ಹೂತ ದಿನದಿಂದ ಅದರ ಮೇಲೆ ಒಂದು ಬುಟ್ಟಿ ಸಗಣಿಯನ್ನೂ ಹಾಕಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಗುಡ್ಡೆ ನಾರುತ್ತಿದ್ದದ್ದು ಅದಕ್ಕೆ. ಅಗೆಯುತ್ತಿದ್ದ ಆಳೊಬ್ಬ ಗುದ್ದಲಿ ಬಿಸಾಕಿ ಓಡಿಹೋದ. ನಾನೂ ಓಡಬೇಕು ಅನ್ನಿಸಿತು, ಯೂನಿಫಾರಂ ಬಿಡಲಿಲ್ಲ.

ಕಾರಣ ಕೇಳಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಅಂದಳಂತೆ, ಬೇಡ ಅಂದನಂತೆ, ಎದುರು ಮಾತಾಡಿದಳಂತೆ. ದಿನವೂ ಹೊಡೆಯುತ್ತಿದ್ದವನು ಅವತ್ತು ಕೂದಲು ಹಿಡಿದು ಒರಳಿಗೆ ಬಡಿದ. ಆಮೇಲೆ ಅವಳ ಫೋನು ತೆಗೆದುಕೊಂಡು ಕೆ.ಆರ್.ಎಸ್. ಕಡೆಗೆ ಹೋಗಿ, ತಾನೇ ತನಗೆ ಮೆಸೇಜು ಕಳಿಸಿಕೊಂಡು, ಫೋನನ್ನು ನೀರಿಗೆ ಎಸೆದು ಬಂದ. ಕೇಸು ವರ್ಷಗಟ್ಟಲೆ ಎಳೆಯಿತು. ಎಲೆ ಹಾಕಿದ್ದೂ ಒಂದು ಸಾಕ್ಷಿಯೇ ಅಂತ ಅವನ ಲಾಯರು ಕೋರ್ಟಿನಲ್ಲಿ ನನ್ನನ್ನು ನಗೆಪಾಟಲು ಮಾಡಿದ. ಹೆಣ ಸಿಕ್ಕಿತ್ತಲ್ಲ, ನಗು ಬಹಳ ದಿನ ನಡೆಯಲಿಲ್ಲ. ರವಿಗೆ ಜೀವಾವಧಿಯಾಯಿತು. ನಯಾಜ್ ಸಾಹೇಬರು ತೀರ್ಪು ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ಫೋನು ಮಾಡಿ ಹೇಳಿದಾಗ, "ಆ ಮುದುಕಿ ಎಡೆ ಇಡದಿದ್ರೆ ನಾವು ಇನ್ನೂ ಬೆಂಗ್ಳೂರು ಬಸ್ಸಲ್ಲೇ ಹುಡುಕ್ತಿದ್ವಿ ಬೇಟಾ" ಅಂದರು.

ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಕೋರ್ಟೂ ಅಲ್ಲ, ತಿಪ್ಪೆಯೂ ಅಲ್ಲ. ಅಗೆದ ದಿನ ಸಂಜೆ ಚಿಕ್ಕತಾಯಮ್ಮ ಠಾಣೆಗೆ ಬಂದಳು. ಆಗಲೇ ಗುರುತು ಹಿಡಿದು, ಅತ್ತು, ದನಿ ಬಿದ್ದುಹೋಗಿತ್ತು. ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ಬೋರಮ್ಮನನ್ನೂ ತಂದು ಒಳಗಿನ ಬೆಂಚಿನ ಮೇಲೆ ಕೂರಿಸಿದ್ದೆವು. ಚಿಕ್ಕತಾಯಮ್ಮ ನೇರ ಅವಳ ಮುಂದೆ ಹೋಗಿ ನೆಲದ ಮೇಲೆ ಕೂತಳು. ಹೊಡೆಯುತ್ತಾಳೇನೋ ಅಂತ ನಾನು ಹತ್ತಿರ ಸರಿದೆ. ಹೊಡೆಯಲಿಲ್ಲ.

"ಬೀಗ್ತಮ್ಮ, ಏನೇನ್ ಬಡ್ಸಿದ್ದೆ ನನ್ ಮಗ್ಳಿಗೆ?"

ಬೋರಮ್ಮ ಒಂದೊಂದಾಗಿ ಹೇಳಿದಳು. ಅನ್ನ, ಮಟನ್ ಸಾರು, ಕಜ್ಜಾಯ, ಹುಳಿಸೊಪ್ಪು, ಬೇಕರಿ ತಿಂಡಿ. ಪಾಂಡವಪುರದ ಸಂತೆಗೆ ಒಬ್ಬಳೇ ನಡೆದುಹೋಗಿ ಸೀರೆ ಆರಿಸಿದ್ದನ್ನೂ ಹೇಳಿದಳು. ಚಿಕ್ಕತಾಯಮ್ಮ ತಲೆದೂಗುತ್ತ ಕೇಳಿದಳು, ಮಗಳ ಬಾಣಂತನದ ಸುದ್ದಿ ಕೇಳುವವಳ ಹಾಗೆ.

"ಅವ್ನ್ ಒಡೀವಾಗ ನೀನೆಲ್ಲಿದ್ದೆ?"

"ಕೊಟ್ಟಿಗೇಲಿ."

"ಕೂಗ್ಕಂಡ್ಳಾ?"

"ಕೂಗ್ಕಂಡ್ಳು." ಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಅತ್ತೆಮ್ಮಾ ಅಂತ ಕೂಗ್ದಳು. ಅಸ ಸೊರೆ ಬುಟ್ಟಿತ್ತು ಕಣವ್ವ. ಆಲ್ ಕರೀತಿದ್ದೆ. ದಿನಾ ಇದ್ದದ್ದೇ ಅಂತ..."

ಕೆಚ್ಚಲಿಗೆ ಹಾಲು ಇಳಿದಿದ್ದ ಹಸುವನ್ನು ನಡುವೆ ಬಿಟ್ಟು ಏಳಲಿಲ್ಲ ಅಂದಳು. ನಾನು ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡೆ.

ಚಿಕ್ಕತಾಯಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುವ ಹಾಗೆ ಕೇಳಿದಳು.

"ಸತ್ತೋಳ್ಗೆ ಸೀರೆ ತರಾಕೆ ಸಂತೇಗಂಟ ನಡ್ದ್ಯಲ್ಲವ್ವ, ಬದ್ಕಿರೋಳು ಕೂಗ್ದಾಗ ಅಂಗ್ಳ ದಾಟಾಕ್ ಆಗ್ನಿಲ್ವಾ?"